ಮಗು ಬರೆದದ್ದು, ಪರದೆ ತೋರಿಸಿದ್ದು

ಕಳೆದ ಅವಧಿಯ ಇಂಟರ್ನ್‌ಶಿಪ್ ವೀಕ್ಷಣೆಗೆಂದು ಒಂದು ಪ್ರೌಢಶಾಲೆಗೆ ಹೋಗಿದ್ದೆ. ನಮ್ಮ ಗಣಿತ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೆಯ ತರಗತಿಗೆ ಅವಿಭಾಜ್ಯ ಅಪವರ್ತನಗಳ ಪುನರಾವರ್ತನೆ ಮಾಡಿ, ಕೊನೆಗೆ ಐದು ಲೆಕ್ಕಗಳನ್ನು ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಕಲಿಕಾ ತಾಣದ ಮೂಲಕ ಬರೆಸಿದ್ದರು. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಮಕ್ಕಳು ಉತ್ಸಾಹದಿಂದ ಟೈಪ್ ಮಾಡಿದರು. ಮರುದಿನ ಉತ್ತರಗಳನ್ನು ತಿದ್ದುವಾಗ ಒಬ್ಬ ಹುಡುಗಿಯ ಉತ್ತರ ಹೀಗೆ ಕಾಣಿಸಿತು: 12 = 223. ಅದರ ಕೆಳಗೆ 24 = 222*3.

ಪ್ರಶಿಕ್ಷಣಾರ್ಥಿ ಎರಡನ್ನೂ ತಪ್ಪೆಂದು ಗುರುತಿಸಿ, ‘ಗುಣಾಕಾರ ಚಿಹ್ನೆ ಬಿಟ್ಟಿದ್ದೀಯ’ ಎಂದು ಷರಾ ಬರೆದರು. ಹುಡುಗಿ ಎದ್ದು ನಿಂತು, ‘ನಕ್ಷತ್ರ ಹಾಕಿದ್ದೆ, ಮಿಸ್’ ಎಂದಳು. ‘ಹಾಕಿದ್ದರೆ ಕಾಣಬೇಕಲ್ಲ? ಬರೆಯದೆ ಬರೆದೆ ಅನ್ನಬಾರದು’ ಎಂಬ ಉತ್ತರ ಬಂತು. ಆಕೆ ಮತ್ತೆ ಮಾತಾಡಲಿಲ್ಲ. ತರಗತಿ ಮುಗಿದ ಮೇಲೆ ನಾವು ಮೂವರೂ ಕುಳಿತು ಆ ಉತ್ತರವನ್ನು ತಿದ್ದುವ ಪೆಟ್ಟಿಗೆಯಲ್ಲಿ ತೆರೆದು ನೋಡಿದೆವು. ಅಲ್ಲಿ 2*2*3 ಎಂದೇ ಇತ್ತು, 2*2*2*3 ಎಂದೇ ಇತ್ತು. ಮಗು ಬರೆದದ್ದು ಸರಿಯಾಗಿತ್ತು. ಪರದೆ ತೋರಿಸಿದ್ದು ಬೇರೆಯಾಗಿತ್ತು.

ಇದಕ್ಕೆ ಕಾರಣ ಸರಳ. ಟೈಪ್ ಮಾಡಿದ ಪಠ್ಯಕ್ಕೆ ದಪ್ಪ ಅಕ್ಷರ, ಓರೆ ಅಕ್ಷರ, ಶೀರ್ಷಿಕೆ, ಪಟ್ಟಿ ಮುಂತಾದ ರೂಪ ಕೊಡಲು ಅನೇಕ ತಾಣಗಳು ಮಾರ್ಕ್‌ಡೌನ್ ಎಂಬ ಗುರುತು ಪದ್ಧತಿಯನ್ನು ಬಳಸುತ್ತವೆ. ಇದನ್ನು 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದರು. ಇದರಲ್ಲಿ ಒಂದು ಪದದ ಆಚೀಚೆ ಒಂದೊಂದು ನಕ್ಷತ್ರ ಇಟ್ಟರೆ ಆ ಪದ ಓರೆಯಾಗುತ್ತದೆ, ಎರಡೆರಡು ಇಟ್ಟರೆ ದಪ್ಪವಾಗುತ್ತದೆ. ಗುರುತಿನ ಕೆಲಸ ಮುಗಿದ ಮೇಲೆ ನಕ್ಷತ್ರಗಳು ಮಾಯವಾಗುತ್ತವೆ. ಮಗು ಬರೆದ 2*2*3ರಲ್ಲಿ ನಡುವಿನ 2ರ ಎರಡೂ ಬದಿ ನಕ್ಷತ್ರವಿದೆ. ತಂತ್ರಾಂಶ ಅದನ್ನು ‘ಈ 2ನ್ನು ಓರೆ ಮಾಡು’ ಎಂದು ಓದಿ, ಗುಣಾಕಾರವನ್ನು ನುಂಗಿ, 223 ಎಂದು ತೋರಿಸಿತು. 2*2*2*3ರಲ್ಲಿ ಮೂರು ನಕ್ಷತ್ರಗಳಿದ್ದುದರಿಂದ ಮೊದಲೆರಡು ಜೋಡಿಯಾಗಿ ಹೋದವು, ಮೂರನೆಯದಕ್ಕೆ ಜೊತೆ ಸಿಗದೆ ಹಾಗೇ ಉಳಿಯಿತು. ಗುಣಾಕಾರಕ್ಕೆ ನಕ್ಷತ್ರ ಬಳಸಬೇಕೆಂದು ಅದೇ ಕಂಪ್ಯೂಟರ್ ಕೊಠಡಿಯಲ್ಲಿ ಸ್ಪ್ರೆಡ್‌ಶೀಟ್ ಪಾಠ ಮಾಡುವಾಗ ನಾವೇ ಕಲಿಸಿದ್ದೇವೆ. ಮಗು ಕಲಿತದ್ದನ್ನೇ ಬಳಸಿದೆ.

ಮಾರ್ಕ್‌ಅಪ್ ಎಂಬ ಮಾತು ಹುಟ್ಟಿದ್ದು ಮುದ್ರಣಾಲಯದಲ್ಲಿ. ಹಸ್ತಪ್ರತಿಯ ಅಂಚಿನಲ್ಲಿ ‘ಇದು ದಪ್ಪ ಅಕ್ಷರ, ಇಲ್ಲಿ ಹೊಸ ಪ್ಯಾರಾ’ ಎಂದು ಮೊಳೆ ಜೋಡಿಸುವವನಿಗೆ ಸೂಚನೆ ಬರೆಯುತ್ತಿದ್ದರು. ಆ ಸೂಚನೆಯನ್ನು ಓದುತ್ತಿದ್ದವನು ಮನುಷ್ಯ. ಲೆಕ್ಕದ ಪುಸ್ತಕದಲ್ಲಿನ ನಕ್ಷತ್ರವನ್ನು ಆತ ಸೂಚನೆ ಎಂದು ತಪ್ಪು ತಿಳಿಯುತ್ತಿರಲಿಲ್ಲ. ಈಗ ಓದುವುದು ನಿಯಮ. ನಿಯಮಕ್ಕೆ ಸಂದರ್ಭ ತಿಳಿಯದು. ಆದ್ದರಿಂದ ಸಂದರ್ಭವನ್ನು ತಿಳಿಯುವ ಹೊಣೆ ಶಿಕ್ಷಕರ ಮೇಲೆ ಬಿದ್ದಿದೆ ಎಂಬುದು ನನ್ನ ವಾದ.

ಈ ಘಟನೆಯ ನಂತರ ನಾನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೊಡುವ ಚಟುವಟಿಕೆಗಳನ್ನು ಇದೇ ಪದ್ಧತಿಯಲ್ಲಿ ಟೈಪ್ ಮಾಡಿ ನೋಡಿದೆ. ನಾಲ್ಕು ಕಡೆ ತೊಡಕು ಕಂಡಿತು.

ಮೊದಲನೆಯದು ಪ್ರಶ್ನೆ ಸಂಖ್ಯೆ. ‘ಯಾವುದಾದರೂ ಮೂರಕ್ಕೆ ಉತ್ತರಿಸಿ’ ಎಂದಾಗ ಮಗು 2, 5, 7ನೆಯ ಪ್ರಶ್ನೆಗಳನ್ನು ಆರಿಸಿ, ಸಂಖ್ಯೆಯ ಮುಂದೆ ಚುಕ್ಕೆ ಇಟ್ಟು ಸಾಲಾಗಿ ಉತ್ತರ ಬರೆಯುತ್ತದೆ. ತಂತ್ರಾಂಶ ಅದನ್ನು ಕ್ರಮಾಂಕದ ಪಟ್ಟಿ ಎಂದು ಭಾವಿಸಿ 2, 3, 4 ಎಂದು ತಾನೇ ಎಣಿಸುತ್ತದೆ. ಮಾರ್ಕ್‌ಡೌನ್‌ನ ಮೂಲ ರೂಪದಲ್ಲಾದರೆ 1, 2, 3. ಐದನೆಯ ಪ್ರಶ್ನೆಯ ಸರಿ ಉತ್ತರ ಮೂರನೆಯ ಪ್ರಶ್ನೆಯ ತಪ್ಪು ಉತ್ತರವಾಗಿ ನಮ್ಮ ಮುಂದೆ ಬರುತ್ತದೆ. ನಕ್ಷತ್ರ ಹೋದರೆ ಏನೋ ವಿಚಿತ್ರ ಎಂದಾದರೂ ಅನ್ನಿಸೀತು. ಇಲ್ಲಿ ಅನುಮಾನಕ್ಕೂ ಎಡೆಯಿಲ್ಲ.

ಎರಡನೆಯದು ಬಿಟ್ಟ ಸ್ಥಳ ತುಂಬುವುದು. ನಾವು ಅಡಿಗೆರೆಗಳನ್ನು ಎಳೆದು ಕೊಡುತ್ತೇವೆ. ಮಗು ಅವುಗಳ ನಡುವೆಯೇ ಉತ್ತರ ಬರೆದರೆ, ಅಂದರೆ __ತಲಕಾವೇರಿ__ ಎಂದು ಟೈಪ್ ಮಾಡಿದರೆ, ಗೆರೆಗಳು ಮಾಯವಾಗಿ ಪದ ದಪ್ಪವಾಗುತ್ತದೆ. ಒಂದು ಸಾಲಿನಲ್ಲಿ ಬರಿಯ ಅಡಿಗೆರೆಗಳೇ ಇದ್ದರೆ ಉತ್ತರದ ಜಾಗ ಹೋಗಿ ಪುಟದ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ.

ಮೂರನೆಯದು ಸಾಲು. ಒಮ್ಮೆ ಮಾತ್ರ ಎಂಟರ್ ಒತ್ತಿದರೆ ಹಲವು ತಾಣಗಳು ಹೊಸ ಸಾಲು ಕೊಡುವುದಿಲ್ಲ, ಹಿಂದಿನ ಸಾಲಿಗೇ ಸೇರಿಸಿಬಿಡುತ್ತವೆ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಖಾಲಿ ಜಾಗ ಬಿಟ್ಟರೆ ಸಾಲು ಮುರಿಯುತ್ತದೆ. ಷಟ್ಪದಿಯ ಆರು ಸಾಲು ಬರೆದ ಮಗುವಿನ ಉತ್ತರ ಒಂದೇ ಗದ್ಯದ ಸಾಲಾಗುತ್ತದೆ. ಪದ್ಯ ಪೂರ್ಣಗೊಳಿಸುವ ಪ್ರಶ್ನೆಗೆ ಸಾಲು ವಿಂಗಡಣೆಗೂ ಅಂಕ ಇಡುವ ನಾವು ಇಲ್ಲಿ ಯಾರಿಗೆ ಅಂಕ ಕಳೆಯುತ್ತಿದ್ದೇವೆ?

ನಾಲ್ಕನೆಯದು ಪತ್ರಲೇಖನ. ಪ್ಯಾರಾದ ಆರಂಭದಲ್ಲಿ ಸ್ವಲ್ಪ ಜಾಗ ಬಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮಗು ನಾಲ್ಕು ಸಲ ಸ್ಪೇಸ್ ಒತ್ತಿ ಪ್ಯಾರಾ ಆರಂಭಿಸಿದರೆ, ಮಾರ್ಕ್‌ಡೌನ್ ಅದನ್ನು ಕಂಪ್ಯೂಟರ್ ಪ್ರೋಗ್ರಾಂನ ತುಣುಕೆಂದು ತಿಳಿದು ಬೇರೆ ಅಕ್ಷರದಲ್ಲಿ, ಬೇರೆ ಪೆಟ್ಟಿಗೆಯಲ್ಲಿ ಹಾಕುತ್ತದೆ. ಹೇಳಿದ ಮಾತು ಕೇಳಿದ ಮಗುವಿಗೇ ಶಿಕ್ಷೆ.

ಇನ್ನು ಕನ್ನಡಕ್ಕೇ ವಿಶೇಷವಾದ ಒಂದು ಸಂಗತಿ. ನಾವು ಪ್ರತ್ಯಯಗಳನ್ನು ಪದಕ್ಕೆ ಅಂಟಿಸಿ ಬರೆಯುತ್ತೇವೆ. ‘ಪದವನ್ನು’ ಎಂಬಲ್ಲಿ ‘ಪದ’ಕ್ಕೆ ಮಾತ್ರ ಒತ್ತು ಕೊಡಲು ಅದರ ಆಚೀಚೆ ಅಡಿಗೆರೆ ಇಟ್ಟರೆ ಒತ್ತು ಬರುವುದಿಲ್ಲ, ಅಡಿಗೆರೆಗಳೇ ಉಳಿಯುತ್ತವೆ. ಪದದ ಒಳಗಿನ ಅಡಿಗೆರೆಯನ್ನು ಗುರುತೆಂದು ಎಣಿಸಬಾರದು ಎಂಬ ನಿಯಮ ಅಲ್ಲಿದೆ. ಓರೆ ಅಕ್ಷರವೂ ನಮಗೆ ಅಷ್ಟು ಒಗ್ಗುವುದಿಲ್ಲ. ಕನ್ನಡದ ಬಹುತೇಕ ಫಾಂಟುಗಳಲ್ಲಿ ಅದಕ್ಕೆಂದೇ ರಚಿಸಿದ ರೂಪವಿಲ್ಲದೆ ತಂತ್ರಾಂಶ ನೇರ ಅಕ್ಷರವನ್ನೇ ವಾಲಿಸುತ್ತದೆ.

ಆದರೆ ಒತ್ತು ಕೊಡಲು ಕನ್ನಡಕ್ಕೆ ತನ್ನದೇ ದಾರಿಯಿದೆ. ಅವಧಾರಣಾರ್ಥಕ ಅವ್ಯಯವನ್ನು ನಾವೇ ಪಾಠ ಮಾಡುತ್ತೇವೆ: ನಾನೇ, ಅದುವೇ, ಇಂದೇ. ‘ರಾಮ ಬಂದ’ ಎಂಬಲ್ಲಿ ‘ರಾಮ’ನನ್ನು ದಪ್ಪ ಮಾಡುವ ಬದಲು ‘ರಾಮನೇ ಬಂದ’ ಎಂದರೆ ಯಾವ ತಾಣದಲ್ಲೂ, ಯಾವ ಫೋನಿನಲ್ಲೂ, ಗಟ್ಟಿಯಾಗಿ ಓದಿದಾಗಲೂ ಒತ್ತು ಉಳಿಯುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ‘ಅಲ್ಲ’ ಎಂಬ ಒಂದು ಪದವನ್ನು ದಪ್ಪ ಮಾಡಿ, ಮಗು ಗಮನಿಸಲಿ ಎಂದು ಬಿಡುವುದಕ್ಕಿಂತ ‘ಕೆಳಗಿನ ನಾಲ್ಕು ಹೇಳಿಕೆಗಳಲ್ಲಿ ಒಂದು ತಪ್ಪಾಗಿದೆ. ಆ ತಪ್ಪು ಹೇಳಿಕೆ ಯಾವುದು?’ ಎಂದು ಕೇಳುವುದು ಮೇಲು. ಅರ್ಥ ವಾಕ್ಯದಲ್ಲಿರಬೇಕು. ಅಲಂಕಾರ ಅಳಿಸಿಹೋದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಬೇಕು.

ಇದನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಹೇಳಿದಾಗ ಎರಡು ಆಕ್ಷೇಪಗಳು ಬಂದವು. ಒಂದು, ಇವೆಲ್ಲ ತಾಂತ್ರಿಕ ಚಿಲ್ಲರೆ ವಿಷಯ, ನಾಳೆ ತಾಣ ಬದಲಾದರೆ ನಿಯಮವೂ ಬದಲಾಗುತ್ತದೆ, ಇದನ್ನು ಕಲಿಸಿ ಏನು ಪ್ರಯೋಜನ ಎಂಬುದು. ನಿಯಮ ಬದಲಾಗುತ್ತದೆ, ನಿಜ. ಈಗಲೇ ವಾಟ್ಸಾಪಿನಲ್ಲಿ ಒಂದು ನಕ್ಷತ್ರ ದಪ್ಪ ಮಾಡುತ್ತದೆ, ಮಾರ್ಕ್‌ಡೌನ್‌ನಲ್ಲಿ ಓರೆ ಮಾಡುತ್ತದೆ. ಆದ್ದರಿಂದಲೇ ನಿಯಮಗಳ ಪಟ್ಟಿ ಬಾಯಿಪಾಠ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಟೈಪ್ ಮಾಡಿದ್ದು ಬೇರೆ, ಕಾಣುವುದು ಬೇರೆ ಆಗಬಹುದು ಎಂಬ ಎಚ್ಚರವನ್ನು ಕಲಿಸಿ ಎನ್ನುತ್ತಿದ್ದೇನೆ. ಆ ಎಚ್ಚರ ಹಳೆಯದಾಗುವುದಿಲ್ಲ.

ಎರಡನೆಯ ಆಕ್ಷೇಪ, ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸಿದರಾಯಿತಲ್ಲ ಎಂಬುದು. ಗಣಿತಕ್ಕೆ, ಚಿತ್ರಗಳಿಗೆ ಇದು ಒಳ್ಳೆಯ ಉಪಾಯವೇ, ನಾನೂ ಬಳಸುತ್ತೇನೆ. ಆದರೆ ನಮ್ಮ ತರಗತಿಗಳಲ್ಲಿ ದೃಷ್ಟಿ ಸಮಸ್ಯೆಯಿರುವ ಮಕ್ಕಳಿದ್ದಾರೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಟೈಪ್ ಮಾಡಿದ ಪಠ್ಯ ಸುಲಭ, ಕೈಬರಹದ ಫೋಟೊ ಕಷ್ಟ. ಅಂಥ ಮಗುವಿಗೆ ನಾವು ಕೊಡುವ ಟಿಪ್ಪಣಿಯಲ್ಲಿ ಶೀರ್ಷಿಕೆಯನ್ನು ಬರಿಯ ದಪ್ಪ ಅಕ್ಷರದಲ್ಲಿ ಕೊಡದೆ ಶೀರ್ಷಿಕೆಯೆಂದೇ ಗುರುತಿಸಿದರೆ, ಮಗು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗಬಹುದು. ಗುರುತು ಪದ್ಧತಿ ನಮ್ಮ ಶತ್ರುವಲ್ಲ, ತಿಳಿದು ಬಳಸಿದರೆ ಉಪಯೋಗವೇ.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಏನು ಮಾಡಬಹುದು? ಹೊಸ ಪತ್ರಿಕೆಯಾಗಲಿ ಹೊಸ ಘಟಕವಾಗಲಿ ಬೇಕಿಲ್ಲ. ಸೂಕ್ಷ್ಮಬೋಧನೆಯಲ್ಲಿ ಕಪ್ಪುಹಲಗೆ ಬಳಕೆಯ ಕೌಶಲವನ್ನು ಅಭ್ಯಾಸ ಮಾಡಿಸುತ್ತೇವೆ. ಬರೆದ ಮೇಲೆ ಕೊನೆಯ ಬೆಂಚಿಗೆ ಹೋಗಿ ನಿಂತು ನೋಡಿ ಎಂದು ಹೇಳುತ್ತೇವೆ. ಪರದೆಗೂ ಅದೇ ಅಭ್ಯಾಸ ಸಾಕು. ಚಟುವಟಿಕೆ ಕೊಡುವ ಮುನ್ನ ಪ್ರಶಿಕ್ಷಣಾರ್ಥಿ ತಾನೇ ವಿದ್ಯಾರ್ಥಿಯಾಗಿ ಒಂದು ಉತ್ತರ ಬರೆದು, ಕಳಿಸಿ, ಅದು ಹೇಗೆ ಕಾಣುತ್ತದೆಂದು ನೋಡಲಿ. ಗುಣಾಕಾರಕ್ಕೆ ಫೋನಿನ ಚಿಹ್ನೆಗಳ ಪುಟದಲ್ಲಿರುವ × ಬಳಸಿ, ಪ್ರಶ್ನೆ ಸಂಖ್ಯೆಯನ್ನು ‘ಪ್ರಶ್ನೆ 5’ ಎಂದು ಪದದೊಂದಿಗೆ ಬರೆಯಿರಿ ಎಂಬಂಥ ಎರಡು ಸೂಚನೆಗಳನ್ನು ಪ್ರಶ್ನೆಗಳ ಮೇಲೆಯೇ ಕೊಡಲಿ. ಕಳಿಸಿದ ಮೇಲೆ ತಮ್ಮ ಉತ್ತರವನ್ನು ಒಮ್ಮೆ ನೋಡಲು ಮಕ್ಕಳಿಗೆ ಎರಡು ನಿಮಿಷ ಬಿಡಲಿ. ವೀಕ್ಷಣೆಗೆ ಹೋಗುವ ನಾವು ಇದನ್ನೂ ಗಮನಿಸಿ ವೀಕ್ಷಣಾ ಪುಸ್ತಕದಲ್ಲಿ ಒಂದು ಸಾಲು ಬರೆಯೋಣ.

ಎಲ್ಲಕ್ಕಿಂತ ಮುಖ್ಯವಾದದ್ದು ಮೌಲ್ಯಮಾಪನದ ಮಾತು. ಉತ್ತರ ವಿಚಿತ್ರವಾಗಿ ಕಂಡರೆ ತಪ್ಪು ಹಾಕುವ ಮುನ್ನ ಮೂಲವನ್ನು ತೆರೆದು ನೋಡಬೇಕು. ತೆರೆಯಲು ಬಾರದಿದ್ದರೆ ಮಗುವನ್ನು ಕೇಳಬೇಕು. ಕೇಳಿದ ಮೇಲೆ ಮಗು ಹೇಳಿದ್ದನ್ನು ಮೊದಲು ನಂಬಬೇಕು. ಅಂಕ ಕಳೆದುಕೊಂಡದ್ದನ್ನು ಆ ಹುಡುಗಿ ಮರೆಯಬಹುದು. ಸತ್ಯ ಹೇಳಿದಾಗ ಸುಳ್ಳುಗಾತಿ ಎನಿಸಿಕೊಂಡದ್ದನ್ನು ಮರೆಯುವುದು ಕಷ್ಟ.

ನಮ್ಮ ಪ್ರಶಿಕ್ಷಣಾರ್ಥಿ ಮರುದಿನ ತರಗತಿಯ ಎದುರಿನಲ್ಲೇ, ‘ನಿನ್ನ ಉತ್ತರ ಸರಿಯಾಗಿತ್ತು, ನಾನು ನೋಡಿದ್ದು ತಪ್ಪಾಗಿತ್ತು’ ಎಂದು ಆ ಹುಡುಗಿಗೆ ಹೇಳಿದರು. ಬಳಿಕ 2*2*3 ಎಂದು ಎಲ್ಲರ ಮುಂದೆ ಟೈಪ್ ಮಾಡಿ, ಅದು 223 ಆಗುವುದನ್ನು ತೋರಿಸಿದರು. ತರಗತಿ ಗೊಳ್ಳೆಂದು ನಕ್ಕಿತು, ಹುಡುಗಿಯೂ ನಕ್ಕಳು. ಆ ದಿನದ ವೀಕ್ಷಣಾ ಪುಸ್ತಕದಲ್ಲಿ ಅವರಿಗೆ ನಾನು ಕೊಟ್ಟ ಅತ್ಯುತ್ತಮ ಷರಾ ಈ ಹತ್ತು ನಿಮಿಷಕ್ಕೆ.