ಕೌದಿ ನಕ್ಷತ್ರದ ಬೆಲೆ ಎಷ್ಟು?



ಆಗಮನ ಕಾಲ ಹತ್ತಿರವಾಗುತ್ತಿದೆ. ಸೊಲ್ಲಾಪುರದ ವಿಜಾಪುರ ರಸ್ತೆಯ ಆಸುಪಾಸಿನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಮಾತು ಓಡಾಡುತ್ತಿದೆ. ಕ್ರಿಸ್ಮಸ್ ಅಲಂಕಾರಗಳನ್ನು ನಾವೇ ಕೈಯಾರೆ ಮಾಡಿ ಕರಕುಶಲ ಸಂತೆಯಲ್ಲಿ ಮಾರಿದರೆ ಹೇಗೆ? ಒಳ್ಳೆಯ ಆಲೋಚನೆ. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದರ ಜೊತೆಗೆ ಎಷ್ಟಕ್ಕೆ ಮಾರಬೇಕು ಎಂಬುದನ್ನೂ ಈ ಸಲ ಯೋಚಿಸೋಣ. ಮೂರರಲ್ಲಿ ಕೊನೆಯದೇ ಕಷ್ಟದ್ದು.

ಸಾಮಗ್ರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಸೊಲ್ಲಾಪುರದ ಚಾದರ ಮತ್ತು ಟರ್ಕಿ ಟವೆಲ್ ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಮಗ್ಗಗಳು ನಡೆಯುತ್ತವೆ. ಶಾಲಾ ಸಮವಸ್ತ್ರ ಹೊಲಿಯುವ ಕೆಲಸವೂ ಊರಿನಲ್ಲಿ ದೊಡ್ಡದು. ಅಲ್ಲಿ ಕತ್ತರಿಸಿ ಉಳಿದ ತುಂಡು ಬಟ್ಟೆ, ಟವೆಲ್ಲಿನ ಅಂಚು ನಮಗೆ ಬಂಗಾರ. ಇನ್ನು ಹೊಲಿಗೆ? ನಮ್ಮ ಅಜ್ಜಿಯಂದಿರು ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿದವರು. ಆ ಸಾಲುಹೊಲಿಗೆಯೇ ಸಾಕು.

ಮೊದಲು ತುಂಡು ಬಟ್ಟೆಗಳನ್ನು ಒಗೆದು ಒಣಗಿಸಿ. ಬಣ್ಣ ಬಿಡುವ ಬಟ್ಟೆ ಕೊಂಡವರ ಬಿಳಿ ಪರದೆಯನ್ನು ಕೆಡಿಸಿದರೆ ಅವರು ಮತ್ತೆ ಬರುವುದಿಲ್ಲ. ಹಳೆಯ ಲಗ್ನಪತ್ರಿಕೆಯ ರಟ್ಟಿನ ಮೇಲೆ ನಕ್ಷತ್ರ ಬರೆದು ಕತ್ತರಿಸಿಕೊಳ್ಳಿ. ಅದೇ ಅಳತೆಗೆ, ಸುತ್ತಲೂ ಅರ್ಧ ಬೆರಳು ಹೆಚ್ಚು ಬಿಟ್ಟು, ಎರಡು ಬಟ್ಟೆ ಕತ್ತರಿಸಿ ಒಳಮಗ್ಗುಲಿನಿಂದ ಹೊಲಿಯಿರಿ. ಒಂದು ಕಡೆ ಎರಡು ಬೆರಳು ಬಾಯಿ ಬಿಡಿ. ಒಳಮೂಲೆಗಳಲ್ಲಿ ಹೊಲಿಗೆಗೆ ತಾಗದಂತೆ ಕತ್ತರಿಯಿಂದ ಚಿಕ್ಕ ಗಾಯ ಮಾಡಿ ತಿರುವಿದರೆ ತುದಿಗಳು ಚೂಪಾಗಿ ಬರುತ್ತವೆ. ಟವೆಲ್ಲಿನ ಚೂರುಗಳನ್ನು ತೆಳ್ಳಗೆ ತುಂಬಿ, ಬಾಯಿ ಮುಚ್ಚಿ, ಮೇಲೆ ಕೌದಿಯಂತೆ ಸಾಲುಸಾಲಾಗಿ ಹೊಲಿಯಿರಿ. ನೇತುಹಾಕಲು ಒಂದು ದಾರ, ಕೆಳಗೆ ಒಂದು ಮಣಿ.

ಗೋದಲಿಗೆ ಜೋಳದ ದಂಟು. ನಮ್ಮ ಕಡೆಯ ಮಕ್ಕಳು ದಂಟಿನ ಬೆಂಡು ಮತ್ತು ಸಿಬಿರು ಸೇರಿಸಿ ಎತ್ತಿನ ಬಂಡಿ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಬೆಂಡಿಗೆ ಸಿಬಿರು ಚುಚ್ಚಿದರೆ ಅಂಟೂ ಬೇಡ, ಮೊಳೆಯೂ ಬೇಡ. ಆದರೆ ಡಿಸೆಂಬರಿನಲ್ಲಿ ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿರುತ್ತದೆ. ಆದ್ದರಿಂದ ಫೆಬ್ರವರಿ, ಮಾರ್ಚ್ ಸುಗ್ಗಿಯಲ್ಲೇ ಒಳ್ಳೆಯ ದಂಟು ಆರಿಸಿ, ಬಿಸಿಲಿಗೆ ಒಣಗಿಸಿ, ತೇವ ತಾಗದಂತೆ ಕಟ್ಟಿಡಬೇಕು. ಈ ವರ್ಷ ಇಲ್ಲದವರು ಹಳ್ಳಿಯ ನೆಂಟರ ಕಣಿಕೆಯ ಬಣವೆಯನ್ನು ನೋಡಿರಿ.

ಇಂಥ ಬಡ ಸಾಮಗ್ರಿಯ ಗೋದಲಿ ಎಂದು ಯಾರೂ ನಾಚಬೇಕಾಗಿಲ್ಲ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ ಇದ್ದವು, ಪ್ರತಿಮೆಗಳಿರಲಿಲ್ಲ. ಅದೇ ಗ್ರೆಚ್ಚೋದಲ್ಲಿ 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಗೋದಲಿಯ ಕುರಿತ ಪತ್ರಕ್ಕೆ ಸಹಿ ಹಾಕಿ, ಮನೆಮನೆಯಲ್ಲೂ ಗೋದಲಿ ಕಟ್ಟುವ ಪದ್ಧತಿ ಉಳಿಯಲಿ ಎಂದು ಹಾರೈಸಿದರು.

ಈಗ ಬೆಲೆಯ ವಿಚಾರ. ಕ್ರಿಸ್ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳು ಹೆಸರು ಮಾಡಿದ್ದು ಜರ್ಮನಿಯ ಲೌಷಾ ಎಂಬ ಊರಿನಿಂದ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಮನೆಮನೆಯಲ್ಲೂ ಗಾಜು ಊದುತ್ತಿದ್ದರು. ಹೆಂಗಸರು, ಮಕ್ಕಳು ಬಣ್ಣ ಹಾಕಿ ಕಟ್ಟುತ್ತಿದ್ದರು. 1880ರ ದಶಕದಲ್ಲಿ ಅಮೆರಿಕದ ದೊಡ್ಡ ಅಂಗಡಿಗಳಿಗೂ ಅವು ಹೋದವು. ಮಾರಿದವರು ಶ್ರೀಮಂತರಾದರು, ಊದಿದವರು ಬಡವರಾಗಿಯೇ ಉಳಿದರು. ಅದೇ ಕಾಲದಲ್ಲಿ, 1891ರಲ್ಲಿ, ಜಗದ್ಗುರು ಹದಿಮೂರನೇ ಲಿಯೋ ಅವರು ದುಡಿಯುವವರ ಕುರಿತು ವಿಶ್ವಪತ್ರ ಬರೆದು, ಕೆಲಸಗಾರನ ಜೀವನ ನಡೆಯುವಷ್ಟು ಕೂಲಿ ಕೊಡುವುದು ನ್ಯಾಯದ ಮಾತು, ದಯೆಯ ಮಾತಲ್ಲ ಎಂದು ಬೋಧಿಸಿದರು.

ನಮ್ಮ ಲೆಕ್ಕ ಮಾಡಿ ನೋಡೋಣ. ಒಂದು ನಕ್ಷತ್ರಕ್ಕೆ ಬಟ್ಟೆ, ನೂಲು, ಮಣಿ ಸೇರಿ 15 ರೂಪಾಯಿ ಎನ್ನೋಣ. ಸಂತೆಯ ಜಾಗ, ರಿಕ್ಷಾ, ಚೀಲಕ್ಕೆ 10 ರೂಪಾಯಿ. ಹೊಲಿಯಲು ಮುಕ್ಕಾಲು ಗಂಟೆ. ಗಂಟೆಗೆ 60 ರೂಪಾಯಿ ಹಿಡಿದರೆ 45 ರೂಪಾಯಿ. ಒಟ್ಟು 70. ಹತ್ತರಲ್ಲಿ ಒಂದು ಮಾರಾಟವಾಗದೆ ಉಳಿಯುತ್ತದೆ ಎಂದುಕೊಂಡರೆ 80 ರೂಪಾಯಿಗೆ ಮಾರಬೇಕು.

ಸಂತೆಯಲ್ಲಿ ಯಾರೋ ಬಂದು, "ಅಕ್ಕಾರ, ಐವತ್ತಕ್ಕ ಕೊಟ್ಬಿಡ್ರಿ, ನಾವೂ ಚರ್ಚಿನವ್ರೇ ಅಲ್ಲೇನ್ರಿ" ಅನ್ನುತ್ತಾರೆ. ನಾವು ದಾಕ್ಷಿಣ್ಯಕ್ಕೆ ಕೊಟ್ಟುಬಿಡುತ್ತೇವೆ. ಹತ್ತು ಹೊಲಿದು ಒಂಬತ್ತನ್ನು ಐವತ್ತರಂತೆ ಮಾರಿದರೆ ಬರುವುದು 450. ಖರ್ಚು 250. ಉಳಿದ 200 ರೂಪಾಯಿ ಏಳೂವರೆ ಗಂಟೆಯ ದುಡಿಮೆಗೆ. ಗಂಟೆಗೆ 27 ರೂಪಾಯಿಯೂ ಬೀಳಲಿಲ್ಲ. ನಮ್ಮೂರಿನಲ್ಲಿ ಬೀಡಿ ಕಟ್ಟುವ ತಾಯಂದಿರಿಗೂ ಸಾವಿರಕ್ಕೆ ಇಷ್ಟು ಎಂಬ ದರ ಇದೆ. ಬಚತ್ ಗಟದಲ್ಲಿ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾರುವಾಗ ಶೇಂಗಾದ ದರ, ಗ್ಯಾಸಿನ ದರ ಎಲ್ಲವನ್ನೂ ಕೂಡಿಸುತ್ತೇವೆ. ಹೊಲಿಗೆಗೆ ಬಂದಾಗ ಮಾತ್ರ, ಹೇಗೂ ಮನೆಯಲ್ಲಿ ಕೂತು ಮಾಡಿದ್ದಲ್ಲವೇ ಎಂದು ಕೈಯ ಕೂಲಿಯನ್ನು ಬಿಟ್ಟುಬಿಡುತ್ತೇವೆ. ಅಡಿಗೆ, ಮಕ್ಕಳ ಶಾಲೆ, ಹಿರಿಯರ ಔಷಧ ಮುಗಿಸಿ ರಾತ್ರಿ ದೀಪದ ಕೆಳಗೆ ಕೂತ ಹೊತ್ತು ಅದು. ಪುಕ್ಕಟೆಯ ಹೊತ್ತಲ್ಲ.

ಹಾಗೆಂದು ಕರುಣೆಗಾಗಿ ಕೊಳ್ಳಿರಿ ಎಂದೂ ನಾವು ಕೇಳಬಾರದು. ಹೊಲಿಗೆ ನೆಟ್ಟಗಿರಬೇಕು, ದಾರ ಗಟ್ಟಿಯಿರಬೇಕು, ಬೆಲೆಯ ಚೀಟಿ ಎದ್ದು ಕಾಣಬೇಕು. ಇಬ್ಬರು ಅಕ್ಕಪಕ್ಕದಲ್ಲಿ ಕೂತು ಒಂದೇ ವಸ್ತುವಿಗೆ ಎರಡು ಬೆಲೆ ಹೇಳದೆ, ಮೊದಲೇ ಕೂಡಿ ಗೊತ್ತುಮಾಡಿರಿ. ಎಲ್ಲವನ್ನೂ ನಕ್ಷತ್ರವನ್ನಾಗಿಯೇ ಮಾಡದೆ ಗಿಳಿ, ಆಕಳು, ಆನೆಗಳನ್ನೂ ಹೊಲಿದಿಟ್ಟರೆ, ಉಳಿದದ್ದು ಜನವರಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಮಕ್ಕಳ ಆಟಿಕೆಯಾಗಿ ಹೋಗುತ್ತದೆ. ದುಡ್ಡಿನ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದು, ಹೊಲಿದ ಪ್ರತಿಯೊಬ್ಬರ ಪಾಲನ್ನು ಹಬ್ಬಕ್ಕೆ ಮೊದಲೇ ಅವರ ಕೈಗೆ ಕೊಡಿರಿ. ಹೊಲಿದದ್ದು ಮಗಳಾದರೆ ಮಗಳ ಕೈಗೇ.

ಕೊಳ್ಳುವ ಕುಟುಂಬಗಳಿಗೂ ಒಂದು ವಿನಂತಿ. ಹತ್ತು ನಕ್ಷತ್ರ ಕೊಳ್ಳಲು ಆಗದಿದ್ದರೆ ಒಂದನ್ನೇ ಕೊಳ್ಳಿ, ಆದರೆ ಹೇಳಿದ ಬೆಲೆ ಕೊಟ್ಟು ಕೊಳ್ಳಿ. ಬಡಗಿ ಜೋಸೆಫರು ಕೈಕೆಲಸ ಮಾಡಿ ಸಾಕಿದ ಮನೆಯಲ್ಲಿ ಬೆಳೆದವರು ನಮ್ಮ ಯೇಸುಸ್ವಾಮಿ. ನಜರೇತಿನಲ್ಲಿ ಜೋಸೆಫರ ಮಣೆಗೆ, ನೇಗಿಲಿಗೆ ಯಾರೋ ಸರಿಯಾದ ಬೆಲೆ ಕೊಟ್ಟಾಗಲೇ ಆ ಮನೆಯ ಒಲೆ ಉರಿದಿರಬೇಕು.

ಎಲ್ಲ ಕುಟುಂಬಗಳಿಗೂ ಆಗಮನ ಕಾಲದ ಶುಭಾಶಯಗಳು. ಬಾಲಯೇಸು ನಿಮ್ಮ ಮನೆಯನ್ನೂ ನಿಮ್ಮ ಕೈಗಳ ದುಡಿಮೆಯನ್ನೂ ಆಶೀರ್ವದಿಸಲಿ.