ರಾಜನಿಗೆ ‘ಕಾ’ ಏಕೆ ಬೇಕು?



ಚೌತಿ ಹತ್ತಿರ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓಣಿ ಓಣಿಯಲ್ಲಿ ನೀವು ರಸೀದಿ ಪುಸ್ತಕ ಹಿಡಿದು ಪಟ್ಟಿ ಎತ್ತಲು ಹೊರಡುತ್ತೀರಿ. ಹೊರಡಿ, ಸಂತೋಷ. ಆದರೆ ಮೊದಲು ಆ ಪುಸ್ತಕವನ್ನೊಮ್ಮೆ ತೆರೆದು ನೋಡಿ. ಸಂಘದ ಹೆಸರು ಯಾವ ಭಾಷೆಯಲ್ಲಿದೆ? ಬ್ಯಾನರಿನಲ್ಲಿ ಏನು ಬರೆಸಿದ್ದೀರಿ? ವಾಟ್ಸಾಪ್ ಗುಂಪಿನಲ್ಲಿ ಸಭೆಯ ಸುದ್ದಿ ಯಾವ ಲಿಪಿಯಲ್ಲಿ ಹೋಗುತ್ತಿದೆ?

ಕನ್ನಡ ಉಳಿಯುವುದು ವಿಧಾನಸೌಧದಲ್ಲಿ ಅಂತ ನಾವೆಲ್ಲ ತಿಳಿದಿದ್ದೇವೆ. ತಪ್ಪು! ಅದು ಉಳಿಯುವುದೂ ಅಳಿಯುವುದೂ ಓಣಿಯಲ್ಲಿ.

ರಾಣೆಬೆನ್ನೂರಿನಲ್ಲಿ ಕೂರುವ ದೊಡ್ಡ ಗಣಪ್ಪನಿಗೆ ‘ರಾಣೆಬೆನ್ನೂರು ಕಾ ರಾಜಾ’ ಎಂದು ಹೆಸರಾಗಿದೆ. ಕೂರಿಸಿದವರ ಶ್ರಮಕ್ಕೆ, ಭಕ್ತಿಗೆ ನಮ್ಮ ನಮಸ್ಕಾರ. ಕೇಳುವುದು ಒಂದೇ ಮಾತು: ಆ ‘ಕಾ’ ಎಲ್ಲಿಂದ ಬಂತು? ಮುಂಬಯಿಯ ಲಾಲ್‌ಬಾಗ್‌ನಲ್ಲಿ 1934ರಿಂದ ಗಣಪತಿ ಕೂರಿಸುವವರು ಅವನನ್ನು ‘ಲಾಲ್‌ಬಾಗ್‌ ಚಾ ರಾಜಾ’ ಎಂದರು. ‘ಚಾ’ ಅನ್ನುವುದು ಮರಾಠಿ. ದೇಶದ ನಾನಾ ಭಾಷೆಯ ಜನ ತುಂಬಿದ ಊರಿನಲ್ಲೂ ಅವರು ತಮ್ಮ ದೇವರನ್ನು ತಮ್ಮ ಭಾಷೆಯಲ್ಲೇ ಕರೆದರು. ನಾವು ಅವರ ಹೆಸರನ್ನು ಎರವಲು ತಂದೆವು, ಅವರ ಅಭಿಮಾನವನ್ನು ಅಲ್ಲಿಯೇ ಬಿಟ್ಟು ಬಂದೆವು! ನಮ್ಮ ‘ಕಾ’ ಅತ್ತ ಮರಾಠಿಯೂ ಅಲ್ಲ, ಇತ್ತ ಕನ್ನಡವೂ ಅಲ್ಲ. ‘ರಾಣೆಬೆನ್ನೂರಿನ ರಾಜ’ ಅಂದರೆ ಗಣಪ್ಪ ಎದ್ದು ಹೋಗುತ್ತಾನೆಯೇ?

ಎರವಲು ತರುವುದು ಪಾಪವಲ್ಲ. ಹೇಗೆ ತರಬೇಕು ಎಂಬುದನ್ನು ಹಾವೇರಿಯ ನೆಲದವರೇ ಆದ ಗಳಗನಾಥರು ತೋರಿಸಿಕೊಟ್ಟಿದ್ದಾರೆ. ಮುಂಬಯಿ ಪ್ರಾಂತದಲ್ಲಿ ಮರಾಠಿಯ ದರ್ಬಾರು ನಡೆಯುತ್ತಿದ್ದ ಕಾಲ ಅದು. ಅವರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಅಚ್ಚ ಕನ್ನಡಕ್ಕೆ ಇಳಿಸಿದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯಿಂದ ತಂದದ್ದನ್ನು ಅವರು ಕನ್ನಡ ಮಾಡಿದರು. ನಾವು ಹಿಂದಿ ಮಾಡುತ್ತಿದ್ದೇವೆ. ಅವರ ತಲೆಯ ಮೇಲೆ ಕನ್ನಡದ ಭಾರವಿತ್ತು. ನಮಗೆ ಒಂದು ರಸೀದಿ ಪುಸ್ತಕವೂ ಭಾರವಾಯಿತೇ?

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ ಮಿತ್ರರೇ, ಲೆಕ್ಕದ ಪ್ರಶ್ನೆ, ಹಕ್ಕಿನ ಪ್ರಶ್ನೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲಿ ರಾಣೆಬೆನ್ನೂರು ಒಂದು ಲಕ್ಷ ದಾಟಿತ್ತು, ಹಾವೇರಿ ಸುಮಾರು 67 ಸಾವಿರ, ಬ್ಯಾಡಗಿ ಸುಮಾರು 30 ಸಾವಿರ. ಮೂರೂ ಊರು ಆ ಅಳತೆಗೆ ನಿಲುಕುವುದಿಲ್ಲ. ಹಾಗಾದರೆ ಚರಂಡಿ ತುಂಬಿತು, ನಳ ಬರಲಿಲ್ಲ, ಬೀದಿದೀಪ ಕೆಟ್ಟಿತು ಎಂದು ಹತ್ತು ಮನೆಯವರು ಕೂಡಿ ಮಾತಾಡುವ ಜಾಗ ಯಾವುದು? ನಿಮ್ಮ ತರುಣ ಸಂಘವೇ, ನಿಮ್ಮ ಗೆಳೆಯರ ಬಳಗವೇ! ಗಣಪ್ಪನ ಕಟ್ಟೆಯೇ ನಮ್ಮ ವಾರ್ಡ್ ಸಭೆ.

ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಕೈಯಲ್ಲಿ ಮನೆಗೆ ಬರುವ ತಾಯಿಯನ್ನು ನೆನೆಯಿರಿ. ಆ ಕೂಲಿಯಲ್ಲೇ ಅವಳು ನಿಮ್ಮ ಪಟ್ಟಿಗೆ ಐವತ್ತು ರೂಪಾಯಿ ಕೊಡುತ್ತಾಳೆ. ಅವಳಿಗೆ ಇಂಗ್ಲಿಷ್ ರಸೀದಿ ಕೊಟ್ಟರೆ ಏನರ್ಥ? ‘ದುಡ್ಡು ಕೊಡು, ಲೆಕ್ಕ ಕೇಳಬೇಡ’ ಎಂದೇ ಅರ್ಥ. ಕನ್ನಡದಲ್ಲಿ ಬರೆದ ಲೆಕ್ಕವನ್ನು ಅವಳು ಓದಬಲ್ಲಳು, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಬಲ್ಲಳು. ಎದ್ದು ನಿಂತು ಪ್ರಶ್ನೆ ಕೇಳಬಲ್ಲಳು. ಕನ್ನಡ ಬೇಕಾಗಿರುವುದು ಮೊದಲು ಅವಳಿಗೆ.

ಮುಂದೆ ಬರಲಿರುವ ದಿನಗಳಿಗೆ ನಿಮ್ಮ ಸಂಘ ಏನು ಮಾಡಬಹುದು? ಬರೆದುಕೊಳ್ಳಿ.

ಚೌತಿ: ಅನುಮತಿಯ ಅರ್ಜಿ, ಕರಪತ್ರ, ರಸೀದಿ, ಧ್ವನಿವರ್ಧಕದ ಮಾತು ಎಲ್ಲವೂ ಕನ್ನಡದಲ್ಲಿರಲಿ. ವಿಸರ್ಜನೆಯಾದ ವಾರದೊಳಗೆ ಜಮಾ-ಖರ್ಚನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಟ್ಟೆಗೆ ಅಂಟಿಸಿ.

ದಸರೆ: 1926ರಲ್ಲಿ ಬೇಂದ್ರೆ ಮತ್ತು ಅವರ ಗೆಳೆಯರು ಧಾರವಾಡದಲ್ಲಿ ನಾಡಹಬ್ಬ ಆರಂಭಿಸಿದಾಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಊರು. ಹಂಚಿ ಹೋಗಿದ್ದ ಕನ್ನಡಿಗರನ್ನು ಒಂದುಗೂಡಿಸಿದ್ದು ಇಂಥ ಹಬ್ಬಗಳೇ. ಒಂದು ಸಂಜೆ ನಿಮ್ಮ ಓಣಿಯ ಹಿರಿಯರನ್ನು ಕೂರಿಸಿ ಊರಿನ ಕಥೆ ಹೇಳಿಸಿ.

ದೀಪಾವಳಿ: ಹೋರಿ ಬೆದರಿಸುವ ಅಖಾಡದಲ್ಲಿ ಹೋರಿ ಹಾಯ್ದು ಜೀವ ಹೋದದ್ದುಂಟು. ಮೈಕು ಹಿಡಿದವರು ಹಾಡು ನಿಲ್ಲಿಸಿ, ಎಚ್ಚರಿಕೆಯ ಮಾತನ್ನು ತಿಳಿಗನ್ನಡದಲ್ಲಿ ಹೇಳಲಿ.

ನವೆಂಬರ್ 1: ಧ್ವಜ ಏರಿಸಿ, ಸಿಹಿ ಹಂಚಿ ಮನೆಗೆ ಹೋಗಬೇಡಿ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿದೆ. ನಿಮ್ಮ ಬೀದಿಯ ಅಂಗಡಿಗಳಿಗೆ ಹೋಗಿ. ಮಸಿ ಬೇಡ, ಕಲ್ಲು ಬೇಡ. ಕನ್ನಡದಲ್ಲಿ ಬರೆದು ಕೊಡುವ ಪೇಂಟರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೋಳಿ: ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಮನ್ಮಥರು ನಗದೆ ಕೂರುತ್ತಾರೆ. ನಗಿಸಿದವರಿಗೆ ಬಹುಮಾನ. ಅವರನ್ನು ನಗಿಸಲು ಜನ ಬಿಡುವ ಚಟಾಕಿ ಯಾವ ಭಾಷೆಯದು? ನಗು ಬೇಕಾದಾಗ ನಮಗೆ ಕನ್ನಡ ಬೇಕು, ಬ್ಯಾನರು ಬರೆಸುವಾಗ ಬೇಡವೇ?

ಏಪ್ರಿಲ್ 1: 1943ರ ಅದೇ ದಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ದಿನ. ಅಂದು ಮೂರ್ಖರ ದಿನ ಎಂದು ಸಂದೇಶ ಕಳಿಸುವ ಮೊದಲು ಅವರ ಹೆಸರನ್ನು ಓಣಿಯ ಮಕ್ಕಳಿಗೆ ಹೇಳಿ.

ಒಂದು ಎಚ್ಚರಿಕೆಯ ಮಾತು. ಇದು ಯಾರ ಮನೆಮಾತಿನ ವಿರುದ್ಧದ ಜಗಳವೂ ಅಲ್ಲ. ಈ ಜಿಲ್ಲೆಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರು ತಂದ ಏಲಕ್ಕಿ ಹಾರವನ್ನು ತಲೆಮಾರುಗಳಿಂದ ಕಟ್ಟುತ್ತ ಬಂದವರು ಹಾವೇರಿಯ ಪಟವೇಗಾರ ಮುಸ್ಲಿಮರು. ಬ್ಯಾಡಗಿಯ ಪೇಟೆಗೆ ಆಂಧ್ರದ ವ್ಯಾಪಾರಿ ಬರುತ್ತಾನೆ. ಮನೆಯಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಯಾವುದಾದರೂ ಇರಲಿ. ಓಣಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸುವ ಮಾತು ಕನ್ನಡ. ಪಟ್ಟಿ ಕೇಳಲು ಎಲ್ಲರ ಬಾಗಿಲಿಗೂ ಹೋಗುವ ನೀವು ಸಭೆಗೂ ಎಲ್ಲರನ್ನೂ ಕರೆಯಿರಿ.

ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಗೆಳೆಯರೇ, ಫೋನಿನಲ್ಲಿ ಪಟ್ಟಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಕನ್ನಡದ ರಸೀದಿ ಕೇಳಿ, ಲೆಕ್ಕ ಕೇಳಿ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಮೂರು ದಿನ ನಡೆಯಿತು. ಪೆಂಡಾಲು ಬಿಚ್ಚಿತು, ಕುರ್ಚಿ ಲಾರಿ ಏರಿದವು. ಓಣಿಯ ಪೆಂಡಾಲು ಮಾತ್ರ ಪ್ರತಿ ವರ್ಷ ಏಳುತ್ತದೆ, ಅದನ್ನು ಕಟ್ಟುವವರು ನೀವೇ. ಅದರ ಮೇಲಿನ ಹೆಸರನ್ನೂ ಈ ಸಲ ಕನ್ನಡದಲ್ಲೇ ಬರೆಸಿ.