ಹೆಚ್ಚಾದ ಅಕ್ಕಿ, ಹೆಚ್ಚಾದ ವೇಗ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಮನೆ ನಮ್ಮಲ್ಲಿ ವಿರಳ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಆ ದಿನದ ಅಗತ್ಯವನ್ನು ಮೀರಿದ್ದನ್ನು ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದಳೆಂದು ಶರಣರ ಚರಿತೆ ಹೇಳುತ್ತದೆ.

ಈ ಪ್ರಸಂಗವನ್ನು ನಾನು ಎಷ್ಟೋ ವೇದಿಕೆಗಳಲ್ಲಿ ವಿವರಿಸಿದ್ದೇನೆ, ಕೇಳಿದವರು ತಲೆದೂಗಿದ್ದಾರೆ. ಆದರೆ ಅದರ ಅರ್ಥ ನನ್ನ ಮನಸ್ಸಿಗೆ ನಾಟಿದ್ದು ವೇದಿಕೆಯ ಮೇಲಲ್ಲ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕಾರಿನ ಹಿಂದಿನ ಆಸನದಲ್ಲಿ ಕುಳಿತಿದ್ದಾಗ.

ಹಾವೇರಿಯ ಕಡೆಯಿಂದ ದಾವಣಗೆರೆಗೆ ಪ್ರವಚನಕ್ಕೆಂದು ಹೊರಟಿದ್ದೆ. ಭಕ್ತರೊಬ್ಬರು ಕಾರನ್ನೂ ಚಾಲಕನನ್ನೂ ಕಳುಹಿಸಿದ್ದರು. ಗೋವಿನಜೋಳದ ಸುಗ್ಗಿಯ ಕಾಲ. ರಸ್ತೆಯ ತುಂಬ ಲಾರಿಗಳು, ಟ್ರ್ಯಾಕ್ಟರುಗಳು. ಮನೆಯಿಂದ ಹೊರಡುವಾಗಲೇ ತಡವಾಗಿತ್ತು. ಆ ತಪ್ಪು ನನ್ನದೇ. ಚಾಲಕ ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಮ್ಮದಿಯಿಂದ ಹೋಗುತ್ತಿದ್ದ. ನಾನು ಗಡಿಯಾರ ನೋಡುತ್ತ, "ಸ್ವಲ್ಪ ಬೇಗ ನಡೆಸಪ್ಪಾ, ಜನ ಕಾಯುತ್ತಿರುತ್ತಾರೆ" ಎಂದೆ. ಮತ್ತೆ ಹತ್ತು ನಿಮಿಷಕ್ಕೆ ಅದೇ ಮಾತನ್ನಾಡಿದೆ. ಮೂರನೆಯ ಸಲ ನನ್ನ ದನಿ ತುಸು ಗಡುಸಾಗಿಯೇ ಇದ್ದಿರಬೇಕು. ಅವನು ಮಾತಿಲ್ಲದೆ ವೇಗ ಹೆಚ್ಚಿಸಿದ.

ರಾಣೆಬೆನ್ನೂರು ದಾಟಿದ ಮೇಲೆ ಹಳ್ಳಿಯ ದಾರಿಯಿಂದ ಟ್ರ್ಯಾಕ್ಟರೊಂದು ಹೆದ್ದಾರಿಗೆ ಇಳಿಯಿತು. ಜೋಳದ ಚೀಲಗಳ ಮೇಲೆ ಒಬ್ಬ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಮ್ಮ ಚಾಲಕ ಬ್ರೇಕನ್ನು ಒತ್ತಿ ಹಿಡಿದ. ಟೈರುಗಳು ಚೀರಿದವು. ಟ್ರೇಲರಿಗೂ ನಮಗೂ ಒಂದು ಮಾರು ಅಂತರವಿದ್ದಾಗ ಕಾರು ನಿಂತಿತು. ಆ ತಾಯಿ ನಮ್ಮನ್ನು ಬೈಯಲಿಲ್ಲ. ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿಕೊಂಡಳು, ಅಷ್ಟೇ.

ಕಾರನ್ನು ಬದಿಗೆ ನಿಲ್ಲಿಸಿದ ಚಾಲಕನ ಕೈಗಳು ನಡುಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ, "ಗುರುಗಳ, ಈ ಹೊತ್ನ್ಯಾಗ ಇಲ್ಲಿ ಟ್ರ್ಯಾಕ್ಟರು ಅಡ್ಡ ಬರ್ತಾವಂತ ನನಗ ಗೊತ್ತಿತ್ರಿ. ನಿಮಗ ಎದುರು ಮಾತಾಡೋ ಧೈರ್ಯ ಆಗಲಿಲ್ರಿ" ಎಂದ. ಆ ಸಂಜೆ ನಾವು ಮುಟ್ಟಿದಾಗ ಸಭೆ ಇನ್ನೂ ಕೂಡಿರಲಿಲ್ಲ, ಧ್ವನಿವರ್ಧಕವನ್ನು ಜೋಡಿಸುತ್ತಿದ್ದರು. ಅರ್ಧ ಗಂಟೆ ಸುಮ್ಮನೆ ಕುಳಿತೆವು. ನಾನು ಮಾತನಾಡಬೇಕಾಗಿದ್ದ ವಿಷಯ ದಯೆ. ನಾಲಗೆ ಸುಲಭವಾಗಿ ಏಳಲಿಲ್ಲ.

ಅವಸರದಿಂದ ನಾವು ಗಳಿಸುವುದಾದರೂ ಎಷ್ಟು? ಲೆಕ್ಕ ಬಹಳ ಸರಳ. ನೂರು ಕಿಲೋಮೀಟರ್ ದಾರಿಗೆ ಗಂಟೆಗೆ 80ರ ವೇಗದಲ್ಲಿ 75 ನಿಮಿಷ, 100ರಲ್ಲಿ 60 ನಿಮಿಷ, 120ರಲ್ಲಿ 50 ನಿಮಿಷ ಬೇಕು. ಮೊದಲ ಇಪ್ಪತ್ತರ ಹೆಚ್ಚಳಕ್ಕೆ 15 ನಿಮಿಷ ಉಳಿದರೆ, ಎರಡನೆಯ ಇಪ್ಪತ್ತಕ್ಕೆ ಉಳಿಯುವುದು 10 ನಿಮಿಷ ಮಾತ್ರ. ಅದೂ ದಾರಿ ಬರಿದಾಗಿದ್ದರೆ. ವಾಹನಗಳು ದಟ್ಟವಾಗಿರುವ ಹೆದ್ದಾರಿಯಲ್ಲಿ ಮುನ್ನುಗ್ಗಿದವನೂ ಟೋಲ್ ಗೇಟಿನ ಸಾಲಿನಲ್ಲಿ ನಮ್ಮ ಪಕ್ಕದಲ್ಲಿಯೇ ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ.

ಇನ್ನು ಇದಕ್ಕೆ ನಾವು ತೆರುವ ಬೆಲೆ. ಓಡುವ ವಾಹನವನ್ನು ಗಾಳಿ ಎದುರಿನಿಂದ ತಡೆಯುತ್ತದೆ. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ 80ರಿಂದ 100ಕ್ಕೆ ಏರಿದಾಗ, ಅಂದರೆ ಶೇಕಡಾ 25ರಷ್ಟು ಹೆಚ್ಚಿದಾಗ, ಗಾಳಿಯ ತಡೆ ಶೇಕಡಾ 56ರಷ್ಟು ಹೆಚ್ಚುತ್ತದೆ. ಟೈರಿನ ಘರ್ಷಣೆ, ಎಂಜಿನ್ನಿನ ಒಳಖರ್ಚು ಮೊದಲಾದವು ಬೇರೆಯಾಗಿ ಇರುವುದರಿಂದ ಇಂಧನದ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲವೆಂಬುದು ನಿಜ. ಆದರೂ ಹೆದ್ದಾರಿಯ ವೇಗದಲ್ಲಿ ಚಕ್ರಗಳಿಗೆ ತಲುಪುವ ಶಕ್ತಿಯ ದೊಡ್ಡ ಪಾಲನ್ನು ನುಂಗುವುದು ಗಾಳಿಯೇ. ದಟ್ಟಣೆಯ ದಾರಿಯಲ್ಲಿ ಇನ್ನೊಂದು ನಷ್ಟವೂ ಸೇರುತ್ತದೆ. ವೇಗ ಏರಿಸುವುದು, ಮುಂದಿನ ಲಾರಿಯ ಬೆನ್ನಿಗೆ ಬಂದು ಬ್ರೇಕ್ ಹಾಕುವುದು, ಮತ್ತೆ ಏರಿಸುವುದು: ಹೀಗೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಇಂಧನದಿಂದ ಪಡೆದ ಶಕ್ತಿಯನ್ನು ಬರಿಯ ಬಿಸಿಯನ್ನಾಗಿ ಮಾಡಿ ಗಾಳಿಗೆ ತೂರುತ್ತೇವೆ.

ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೀಗಿರುವಾಗ ಹತ್ತು ನಿಮಿಷದ ಅವಸರಕ್ಕಾಗಿ ಸುಟ್ಟ ಇಂಧನವು ಲಕ್ಕಮ್ಮ ಹಿಂದಿರುಗಿಸಿದ ಆ ಹೆಚ್ಚಿನ ಅಕ್ಕಿಯಲ್ಲವೇ? ಅಕ್ಕಿಯನ್ನಾದರೂ ಹಿಂದಿರುಗಿಸಬಹುದಿತ್ತು, ಸುಟ್ಟ ತೈಲವನ್ನು ಹಿಂದಿರುಗಿಸುವ ದಾರಿಯಿಲ್ಲ.

ಇಂಧನಕ್ಕಿಂತ ದೊಡ್ಡದು ಜೀವದ ಲೆಕ್ಕ. ಎರಡು ಕಾರುಗಳು, ಒಂದು 100ರ ವೇಗದಲ್ಲಿ, ಇನ್ನೊಂದು 120ರ ವೇಗದಲ್ಲಿ, ಒಂದೇ ಜಾಗದಲ್ಲಿ ಸಮಾನ ಬಲದಿಂದ ಬ್ರೇಕ್ ಹಾಕಿದವೆಂದು ಭಾವಿಸೋಣ. ಮೊದಲನೆಯದು ಪೂರ್ಣ ನಿಂತ ಸ್ಥಳದಲ್ಲಿ ಎರಡನೆಯದು ಇನ್ನೂ ಗಂಟೆಗೆ ಸುಮಾರು 66 ಕಿ.ಮೀ. ವೇಗದಲ್ಲಿ ಮುನ್ನುಗ್ಗುತ್ತಿರುತ್ತದೆ. ಒಂದು ಕಾರು ಬದುಕಿಸಿದ ಜೀವವನ್ನು ಇನ್ನೊಂದು ಬದುಕಿಸದು. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ ಶೇಕಡಾ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದಾಗ, 100 ಕಿ.ಮೀ. ಮಿತಿಯನ್ನು ಮೀರುವವರನ್ನು ಹಿಡಿಯಲು ಕ್ಯಾಮರಾಗಳನ್ನು ಇರಿಸಬೇಕಾಯಿತು. ಕ್ಯಾಮರಾ ಕಂಡಲ್ಲಿ ತಗ್ಗಿಸಿ, ಅದನ್ನು ದಾಟಿದೊಡನೆ ಏರಿಸುವವರಿದ್ದಾರೆ. ಇದು ದಂಡದ ಭಯವೇ ಹೊರತು ಶೀಲವಲ್ಲ.

ಮಿತವೇಗದಿಂದ ಇಂಧನವೂ ಜೀವವೂ ಒಟ್ಟಿಗೆ ಉಳಿಯುತ್ತವೆ ಎಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಅಮೆರಿಕವು ತೈಲ ಉಳಿಸುವ ಒಂದೇ ಉದ್ದೇಶದಿಂದ ದೇಶದ ಹೆದ್ದಾರಿಗಳಿಗೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ.ಗಳ ಮಿತಿಯನ್ನು ಹಾಕಿತು. 1973ರಲ್ಲಿ ಅಲ್ಲಿ ರಸ್ತೆಗಳಲ್ಲಿ ಸತ್ತವರು 54 ಸಾವಿರ; 1974ರಲ್ಲಿ 45 ಸಾವಿರ. ತೈಲದ ಕೊರತೆಯಿಂದ ಪ್ರಯಾಣಗಳೇ ಕಡಿಮೆಯಾದುದೂ ಒಂದು ಕಾರಣ. ಆದರೆ ವೇಗ ತಗ್ಗಿದುದರ ಪಾಲೂ ಅದರಲ್ಲಿದೆಯೆಂದು ತಜ್ಞರು ಒಪ್ಪಿದ್ದಾರೆ. ತೈಲವನ್ನು ಉಳಿಸಲು ಹೊರಟವರು ಮನುಷ್ಯರನ್ನೂ ಉಳಿಸಿದರು.

ಇಲ್ಲಿ ನಮ್ಮ ಮನೆತನಗಳ ಹಿರಿಯರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ವೇಗದ ತಪ್ಪು ಚಕ್ರ ಹಿಡಿದವನದು ಮಾತ್ರವೆಂದು ನಾವು ತಿಳಿಯುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಕಲಮು ಹಾಗೆ ತಿಳಿಯುವುದಿಲ್ಲ. ತನ್ನ ಕೆಲಸದವನಿಂದ ಮಿತಿಮೀರಿ ವಾಹನ ನಡೆಸುವವನಿಗೂ ಅಲ್ಲಿ ದಂಡವಿದೆ. ಮಿತಿಯನ್ನು ಮೀರದೆ ಮುಟ್ಟಲಾಗದಂಥ ಸಮಯದೊಳಗೆ ತಲುಪಿಸೆಂದು ಆಜ್ಞೆ ಮಾಡಿದರೆ, ಆ ಆಜ್ಞೆಯೇ ತಪ್ಪಿಗೆ ಮೇಲ್ನೋಟದ ಸಾಕ್ಷ್ಯವೆಂದು ಅದೇ ಕಲಮು ಹೇಳುತ್ತದೆ. ಮುಹೂರ್ತ ಮೀರುತ್ತದೆ, ತೊಟ್ಟಿಲ ಕಾರ್ಯಕ್ಕೆ ತಡವಾಗುತ್ತದೆ ಎಂದು ಹಿಂದಿನ ಆಸನದಿಂದ ಒತ್ತಾಯಿಸುವ ನಮ್ಮ ಮಾತು ಧರ್ಮದ ದೃಷ್ಟಿಯಲ್ಲಿ ಮಾತ್ರವಲ್ಲ, ಕಾನೂನಿನ ದೃಷ್ಟಿಯಲ್ಲಿಯೂ ನಿರ್ದೋಷಿಯಲ್ಲ. ಚಾಲನೆಯೂ ಒಂದು ಕಾಯಕ. ಅನ್ನಕ್ಕಾಗಿ ದುಡಿಯುವವನು ಯಜಮಾನನಿಗೆ ಎದುರಾಡಲಾರ. ಆದುದರಿಂದ ಅವನ ವಿವೇಕವನ್ನು ಕಾಯುವುದು ನಮ್ಮ ಹೊಣೆ.

ಮಾಡಬೇಕಾದುದು ಕಠಿಣವೇನಲ್ಲ. ಅರ್ಧ ಗಂಟೆ ಮೊದಲೇ ಹೊರಡುವುದು. ಫಲಕದಲ್ಲಿ ಬರೆದ ವೇಗವು ಗರಿಷ್ಠ ಮಿತಿಯೇ ಹೊರತು ಆಜ್ಞೆಯಲ್ಲವೆಂದು ತಿಳಿಯುವುದು. ನಿಧಾನವಾಗಿ ಹೋಗುವವರು ಎಡಪಥದಲ್ಲಿಯೇ ಇದ್ದು, ಹಿಂದಿನಿಂದ ಬರುವವರಿಗೆ ಬಲಪಥವನ್ನು ಬಿಟ್ಟುಕೊಡುವುದು. ಮಿತವೇಗದ ಹೆಸರಿನಲ್ಲಿ ಬಲಪಥವನ್ನು ಕಟ್ಟಿಹಾಕುವುದೂ ಅಪಾಯಕರವೇ. ಮುಂದಿನ ವಾಹನದಿಂದ ಸಾಕಷ್ಟು ಅಂತರವಿಟ್ಟರೆ ಬ್ರೇಕಿನ ಅಗತ್ಯ ಕಡಿಮೆಯಾಗಿ ಸಮವೇಗ ತಾನಾಗಿಯೇ ಸಾಧಿಸುತ್ತದೆ. ಟೈರಿನ ಗಾಳಿಯನ್ನು ಆಗಾಗ ನೋಡಿಸುವುದು, ಕಾರಿನ ಮೇಲಿನ ಬೇಡದ ಹೊರೆಯನ್ನು ಇಳಿಸುವುದು, ಇವೂ ಇಂಧನವನ್ನು ಉಳಿಸುತ್ತವೆ.

ಯುಗಾದಿಯ ಮುನ್ನ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಶ್ರೀಶೈಲಕ್ಕೆ ಸಾವಿರಾರು ಭಕ್ತರು ಪಾದಯಾತ್ರೆ ಹೊರಡುತ್ತಾರೆ. ಅವರು ನಡೆಯುವುದೂ ನಮ್ಮ ಕಾರುಗಳು ಓಡುವ ರಸ್ತೆಗಳ ಅಂಚಿನಲ್ಲಿಯೇ. ಹೆದ್ದಾರಿ ಅವರದೂ ಹೌದು, ಜೋಳದ ಚೀಲದ ಮೇಲೆ ಕುಳಿತ ಆ ತಾಯಿಯದೂ ಹೌದು.

ಆ ದಿನದಿಂದ ನಾನು ಒಂದು ನೇಮವನ್ನು ಇಟ್ಟುಕೊಂಡಿದ್ದೇನೆ. ಕಾರನ್ನು ಏರಿದೊಡನೆ ಚಾಲಕನಿಗೆ, "ತಡವಾದರೆ ಆಗಲಪ್ಪಾ, ಸಭೆಯವರಿಗೆ ನಾನು ಹೇಳಿಕೊಳ್ಳುತ್ತೇನೆ" ಎನ್ನುತ್ತೇನೆ. ಇದುವರೆಗೆ ಎರಡು ಸಭೆಗಳಿಗೆ ತಡವಾಗಿದೆ. ಎರಡರಲ್ಲಿಯೂ ಕೈಮುಗಿದು ಕ್ಷಮೆ ಕೇಳಿದ್ದೇನೆ, ಬಂಧುಗಳು ಮನ್ನಿಸಿದ್ದಾರೆ.